ಐಐಟಿ ಕಾನ್ಪುರದೋರು ಬ್ಯಾಂಕ್ ಬೀಗ ಮುರಿದ್ರಾ? ಸತ್ಯಾಂಶ

"ಐಐಟಿ ಕಾನ್ಪುರದ ಮೂವರು ಅವಿಭಾಜ್ಯ ಸಂಖ್ಯೆ ಗುಟ್ಟು ಬಿಡಿಸಿಬಿಟ್ರು, ಇನ್ನು ಆನ್‌ಲೈನ್ ಬ್ಯಾಂಕಿಂಗ್ ಸೇಫ್ ಅಲ್ಲ" ಅನ್ನೋ ಫಾರ್ವರ್ಡ್ ಅರ್ಧ ಮಾತ್ರ ನಿಜ. 2002ರಲ್ಲಿ ಮಣೀಂದ್ರ ಅಗರ್ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ತೋರಿಸಿದ್ದು ಏನಂದ್ರೆ, ಒಂದು ಸಂಖ್ಯೆ ಅವಿಭಾಜ್ಯನಾ ಅಲ್ವಾ ಅಂತ ಪಾಲಿನಾಮಿಯಲ್ ಟೈಮ್‌ನಲ್ಲಿ, ಅಂದ್ರೆ ಅಂಕಿಗಳು ಡಬಲ್ ಆದ್ರೂ ಕೆಲಸ ಇಂತಿಷ್ಟೇ ಪಟ್ಟು ಜಾಸ್ತಿ ಆಗೋ ಹಾಗೆ, ಖಚಿತವಾಗಿ ಹೇಳ್ಬಹುದು ಅಂತ. ನಂಗಂತೂ ಇದು ತುಂಬಾ ಹೆಮ್ಮೆಯ ಕೆಲಸ. ಆದ್ರೆ ಅಪವರ್ತನ ಹುಡುಕೋದು ಬೇರೆನೇ ಪ್ರಶ್ನೆ, 91 ಅವಿಭಾಜ್ಯ ಅಲ್ಲ ಅಂತ ಆ ಪರೀಕ್ಷೆ ಹೇಳಿದ ಮಾತ್ರಕ್ಕೆ 7, 13 ಕೈಗೆ ಸಿಗಲ್ಲ. ಆನ್‌ಲೈನ್ ಬ್ಯಾಂಕಿಂಗ್‌ನಂಥ ಕಡೆ ಮಾಹಿತಿ ಕಾಯೋಕೆ ಬಳಸೋ ಆರ್‌ಎಸ್‌ಎ ಅನ್ನೋ ಗೂಢಲಿಪಿ ಬೀಗ ನಿಂತಿರೋದು ಈ ಅಪವರ್ತನದ ಕಷ್ಟದ ಮೇಲೆ. ಮಾಮೂಲಿ ಕಂಪ್ಯೂಟರ್‌ಗೆ ಅದಕ್ಕೆ ಪಾಲಿನಾಮಿಯಲ್ ದಾರಿ ಯಾರಿಗೂ ಸಿಕ್ಕಿಲ್ಲ, ಅಂಥ ದಾರಿ ಇಲ್ಲವೇ ಇಲ್ಲ ಅಂತ ಪ್ರೂವ್ ಕೂಡ ಆಗಿಲ್ಲ. 2020ರಲ್ಲಿ ಅಪವರ್ತನ ಹುಡುಕಿ ಒಡೆದದ್ದು 250 ಅಂಕಿಯ ಆರ್‌ಎಸ್‌ಎ ಸಂಖ್ಯೆ, ಆದ್ರೆ ಸಾಮಾನ್ಯವಾಗಿ ಬಳಸೋ 2048 ಬಿಟ್ ಆರ್‌ಎಸ್‌ಎ ಕೀಲಿಯ ಸಂಖ್ಯೆಯಲ್ಲಿರೋದು 617 ಅಂಕಿ, ಅಂದ್ರೆ ಅದಕ್ಕಿಂತ ತುಂಬಾ ದೊಡ್ಡದು.