ಯಾವ ನಂಬರಾದ್ರೂ ಎತ್ತುವ ಅಪ್ಪ

ಮಕ್ಕಳನ್ನ ಮಿಲಿಟರಿ ಟ್ರೇನಿಂಗಿಗೆ ಕಳಿಸಿದ ಅಪ್ಪಂದಿರಿಗೆ ಒಂದು ಕಾಯಿಲೆ ಶುರುವಾಗುತ್ತೆ. ಗೊತ್ತಿಲ್ಲದ ನಂಬರಿಂದ ಫೋನ್ ಬಂದ್ರೆ ಸಾಕು, ಎದೆ ಡವಡವ ಅನ್ನುತ್ತೆ, ಕೈ ನಡುಗುತ್ತೆ, ತಟ್ಟೆ ಮುಂದೆ ಕೂತಿದ್ರೆ ಎಡಗೈಲಿ ಎತ್ತಿ ಬಲಗಿವಿಗೆ ಹಿಡಿಯೋ ಹೊತ್ತಿಗೆ ಫೋನು ಸಾರಿನೊಳಗೆ. ಮೊದಲೆಲ್ಲ ಅನ್‌ನೋನ್ ನಂಬರ್ ಅಂದ್ರೆ ತಿರುಗಿಯೂ ನೋಡದ ಮನುಷ್ಯ ನಾನು. ಈಗ ಬಚ್ಚಲಿಗೂ ಫೋನ್ ಹಿಡ್ಕೊಂಡು ಹೋಗ್ತೀನಿ.

ಯಾಕಂದ್ರೆ ಸೇರಿದ ದಿನವೇ ಮಗಳ ಫೋನ್ ತೆಗೆದಿಟ್ಟುಕೊಂಡ್ರು. ಇನ್ನು ಯಾವ ವಾರ ಮಾತಾಡೋಕೆ ಬಿಡ್ತಾರೆ, ಯಾವ ನಂಬರಿಂದ ಮಾಡ್ತಾಳೆ, ಅವಳಿಗೂ ಗೊತ್ತಿಲ್ಲ ನಮಗೂ ಗೊತ್ತಿಲ್ಲ. ಹಾಗಾಗಿ ಎಲ್ಲಾ ಫೋನೂ ಎತ್ತಲೇಬೇಕು. ಎತ್ತಿದ್ರೆ ಆ ಕಡೆ ಯಾರು? ಲೋನ್ ಕೊಡೋ ಹುಡುಗ.

"ಸರ್, ನಿಮಗೆ ಪರ್ಸನಲ್ ಲೋನ್ ಅಪ್ರೂವ್ ಆಗಿದೆ."

"ನೀವು ಟ್ರೇನಿಂಗ್ ಸೆಂಟರಿಂದಾನಾ?"

"ಅಲ್ಲ ಸರ್, ಲೋನ್ ಸೆಕ್ಷನ್ನಿಂದ."

ಅಷ್ಟು ಆಸೆಯಿಂದ ಎತ್ತಿದ ಫೋನನ್ನ ಕಟ್ ಮಾಡೋಕೆ ಮನಸ್ಸು ಬರ್ಲಿಲ್ಲ, ಮಗಳ ವಿಷಯ ಪೂರ್ತಿ ಅವನಿಗೇ ಹೇಳಿದೆ, ಪಾಪ ಅವನೂ ಕೇಳಿಸ್ಕೊಂಡ. ಕೊನೆಗೆ "ಮೊದಮೊದಲು ಅಷ್ಟೇ ಸರ್ ಕಷ್ಟ, ಆಮೇಲೆ ಇಎಂಐ ಥರ ಅಭ್ಯಾಸ ಆಗಿಹೋಗುತ್ತೆ" ಅಂದ. ನೆಂಟರಿಷ್ಟರು ಯಾರೂ ಇಷ್ಟು ಚೆನ್ನಾಗಿ ಸಮಾಧಾನ ಹೇಳಿರಲಿಲ್ಲ ಕಣ್ರೀ. ಅವತ್ತಿಂದ ಅವನು ಆಗಾಗ ಮಾಡ್ತಾನೆ, ನಾನು ಎತ್ತುತ್ತೀನಿ.

ಅವಳು ಹೊರಡೋ ಮುಂಚೆಯೇ ಮನೆ ಅರ್ಧ ಬ್ಯಾರಕ್ ಆಗಿತ್ತು. ತರಬೇಕಾದ ಸಾಮಾನಿನ ಪಟ್ಟಿ ಒಂದು ಬಂದಿತ್ತು, ಟ್ರಂಕು, ಬೀಗ, ಎರಡು ಕೀ, ಕಪ್ಪು ಸಾಕ್ಸು, ಪ್ರತಿ ಬಟ್ಟೆ ಮೇಲೂ ಹೆಸರು. ಹೆಸರು ಬರೆಯೋ ಕೆಲಸ ನನಗೆ ಬಿತ್ತು. ಅಳಿಸದ ಇಂಕಿನ ಪೆನ್ನು ನಿಜಕ್ಕೂ ಅಳಿಸಲ್ಲ ಅಂತ ಗೊತ್ತಾಗಿದ್ದು ನನ್ನ ಆಫೀಸ್ ಷರ್ಟಿನ ಕಾಲರ್ ಮೇಲೂ ಅವಳ ಹೆಸರು ಕಂಡಾಗ. ಹೊಸ ಬೂಟು ಕಚ್ಚಬಾರದು, ಕಾಲಲ್ಲಿ ಬೊಬ್ಬೆ ಏಳಬಾರದು ಅಂದ್ರೆ ಮುಂಚೆಯೇ ಹಾಕ್ಕೊಂಡು ಓಡಾಡಿ ಪಳಗಿಸಬೇಕಂತೆ, ಒಳಗೊಂದು ತೆಳ್ಳನೆ ಸಾಕ್ಸು, ಮೇಲೊಂದು ದಪ್ಪನೆ ಸಾಕ್ಸು. ಸರಿ, ಮನೆಯೊಳಗೇ ಧಡ್ ಧಡ್ ಧಡ್. ಕೆಳಗಿನ ಮನೆಯವರು ಮೇಲೆ ಬಂದು "ರಿಪೇರಿ ಯಾವಾಗ ಮುಗಿಯುತ್ತೆ?" ಅಂತ ಕೇಳಿ ಹೋದ್ರು.

ಅವಳು ಹೋದ ಮೇಲೆ ನನಗೆ ನಿಜವಾಗಿ ಆಗಿದ್ದು ಬೇಜಾರಲ್ಲ, ಹೊಟ್ಟೆಕಿಚ್ಚು. ಅವಳ ಇನ್‌ಸ್ಟ್ರಕ್ಟರ್ ಮೇಲೆ. ಇಷ್ಟು ವರ್ಷ ಬೆಳಿಗ್ಗೆ ಬೇಗ ಏಳು ಅಂತ ಗಂಟಲು ಹರ್ಕೊಂಡಿದ್ದು ನಾನು, ಹಾಸಿಗೆ ಮಡಿಸು ಅಂದಿದ್ದು ನಾನು, ಊಟ ಮಾಡ್ತಾ ಫೋನ್ ನೋಡ್ಬೇಡ ಅಂದಿದ್ದು ನಾನು, ಒಂದೂ ನಡೀಲಿಲ್ಲ. ಆ ಹೆಣ್ಣುಮಗಳು ಯಾರೋ ಏನೋ, ಒಂದೇ ಒಂದು ಸೀಟಿ ಊದಿದ್ರಂತೆ, ಮೊದಲ ದಿನವೇ ಎಲ್ಲಾ ನಡೀತು. ನಾನೂ ಒಂದು ಸೀಟಿ ತಗೊಂಡಿದ್ರೆ ಆಗ್ತಿತ್ತಲ್ಲ ಅಂತ ಹೆಂಡತಿ ಹತ್ರ ಅಂದೆ. "ಊದಿ, ಯಾರು ಏಳ್ತಾರೆ ನೋಡೋಣ" ಅಂತ ಮಗ್ಗುಲು ಬದಲಾಯಿಸಿದಳು.

ನಿದ್ದೆ ಬರದಿದ್ದಾಗ ಇಂಟರ್‌ನೆಟ್ಟಲ್ಲಿ ಓದೋ ಚಟ ಹತ್ತಿತು. ಅಮೆರಿಕದ ಆರ್ಮಿಯಲ್ಲಿ ಬೇಸಿಕ್ ಟ್ರೇನಿಂಗ್ 10 ವಾರ, ಅಲ್ಲಿನ ಮರೀನ್ ಕೋರ್‌ನಲ್ಲಿ 13 ವಾರ. ಮರೀನ್‌ಗೆ ಸೇರಿದ ಮಕ್ಕಳು ತಲುಪಿದ ತಕ್ಷಣ ಮನೆಗೆ ಮಾಡೋ ಫೋನಲ್ಲಿ ಮುಂಚೆಯೇ ಬರೆದಿಟ್ಟ ಮಾತನ್ನ ಓದಿ ಇಟ್ಟುಬಿಡಬೇಕಂತೆ, ಹೇಗಿದೀಯಾ ಊಟ ಆಯ್ತಾ ಏನೂ ಇಲ್ಲ. ಪರವಾಗಿಲ್ಲ, ನಮಗಿಂತ ಪಾಪದ ಅಪ್ಪ ಅಮ್ಮಂದಿರೂ ಇದಾರೆ ಅನ್ಸಿ ಅವತ್ತು ಒಳ್ಳೆ ನಿದ್ದೆ ಬಂತು.

ಆದ್ರೆ ಓದಿದ್ದು ತಲೆಯೊಳಗೇ ಇದ್ರೆ ಸರಿ, ಹೊರಗೆ ಬಂದ್ರೇ ಕಷ್ಟ. ಮನೆ ಗಡಿಯಾರಗಳನ್ನೆಲ್ಲ ಮಿಲಿಟರಿ ಲೆಕ್ಕಕ್ಕೆ ತಿರುಗಿಸಿದೆ. ಹಲ್ಲಿನ ಡಾಕ್ಟರ ಹತ್ರ ಮಧ್ಯಾಹ್ನ ಮೂರರ ಅಪಾಯಿಂಟ್‌ಮೆಂಟನ್ನ 1500ಕ್ಕೆ ಅಂತ ಬರ್ಕೊಂಡು, ಕೊನೆಗೆ ಆ ಐದನ್ನೇ ಹಿಡ್ಕೊಂಡು ಐದು ಗಂಟೆಗೆ ಹೋದೆ, ಕ್ಲಿನಿಕ್ಕಿಗೆ ಬೀಗ. ಆಮೇಲೆ ಈ ಆಲ್ಫಾ, ಬ್ರಾವೊ, ಚಾರ್ಲಿ, ಅಂದ್ರೆ ಎ, ಬಿ, ಸಿ ಅನ್ನೋ ಬದಲು ಒಂದೊಂದು ಅಕ್ಷರಕ್ಕೂ ಒಂದೊಂದು ಪದ. 1956ರಿಂದ ಇಡೀ ಪ್ರಪಂಚದ ವಿಮಾನದವರು, ಸೈನ್ಯದವರು ಇದನ್ನೇ ಹೇಳ್ತಾರೆ, ಗಲಾಟೆಯಲ್ಲೂ ಅಕ್ಷರ ತಪ್ಪಾಗಿ ಕೇಳಿಸಬಾರದು ಅಂತ. ಎಷ್ಟು ಒಳ್ಳೇ ಐಡಿಯಾ ಅಲ್ವಾ! ಕೊರಿಯರ್‌ನವನು ಫೋನಲ್ಲಿ ಹೆಂಡತಿ ಹೆಸರಿನ ಸ್ಪೆಲ್ಲಿಂಗ್ ಕೇಳಿದಾಗ ನಾನೂ ಹಾಗೇ ಹೇಳಿದೆ, ಸ್ಪಷ್ಟವಾಗಿ, ಬಿಡಿಸಿ ಬಿಡಿಸಿ. ಪಾರ್ಸೆಲ್ ಬಂತು. ಮೇಲೆ 'ಮಿಸೆಸ್ ಲಿಮಾ ಆಲ್ಫಾ ಟ್ಯಾಂಗೊ ಆಲ್ಫಾ' ಅಂತಿತ್ತು. ಸಂಜೆವರೆಗೂ ಅವಳು ಮಾತಾಡ್ಲಿಲ್ಲ.

ಅಷ್ಟರಲ್ಲಿ ಮಗಳ ಕಾಗದ ಬಂತು. ಕಾಗದ! ಪೆನ್ನಲ್ಲಿ ಬರೆದಿದ್ದು! ಪೂರ್ತಿ ಇಷ್ಟೇ: "ಚೆನ್ನಾಗಿದೀನಿ. ಸಾಕ್ಸ್ ಕಳಿಸಿ. ತಿಂಡಿ ಕಳಿಸ್ಬೇಡಿ. ಪ್ಲೀಸ್ ಕಳಿಸ್ಬೇಡಿ." ಎರಡನೇ 'ಬೇಡಿ' ಕೆಳಗೆ ಗೆರೆ. ಅಕ್ಷರ ಯಾಕೋ ಸೊಟ್ಟಗಿದೆ, ಕೈ ನೋವಿರಬೇಕು ಅಂತ ಹೆಂಡತಿ. ಅದು ಹುಟ್ಟಿದಾಗಿಂದ ಸೊಟ್ಟಗೇ ಇದೆ ಅಂತ ನಾನು. ತಿಂಡಿ ಯಾಕೆ ಬೇಡ ಅನ್ನೋದು ಮಾತ್ರ ಇಬ್ಬರಿಗೂ ಅರ್ಥ ಆಗ್ಲಿಲ್ಲ, ಅರ್ಥ ಆಗಿದ್ರೂ ಉಪಯೋಗ ಇರಲಿಲ್ಲ ಬಿಡಿ, ಡಬ್ಬ ಆಗಲೇ ಹೊರಟುಹೋಗಿತ್ತು.

ಕೊನೆಗೂ ಒಂದು ಭಾನುವಾರ ಫೋನ್ ಬಂತು. ನನಗಲ್ಲ, ಹೆಂಡತಿಗೆ. ಯಾಕಂದ್ರೆ ನನ್ನ ಲೈನ್ ಬಿಜಿ, ಲೋನ್ ಹುಡುಗನ ಹತ್ರ ಮಗಳು ಇನ್ನೂ ಫೋನ್ ಮಾಡಿಲ್ಲ ಅಂತ ಹೇಳ್ಕೊಳ್ತಾ ಕೂತಿದ್ದೆ! ಫೋನನ್ನ ಹಾಗೇ ಟೇಬಲ್ ಮೇಲೆ ಕುಕ್ಕಿ ಓಡಿದೆ. ಸ್ಪೀಕರಲ್ಲಿ ಮಗಳ ದನಿ, ಕಮಾಂಡ್ ಕೂಗಿ ಕೂಗಿ ಪೂರ್ತಿ ಒಡೆದಿತ್ತು.

"ಊಟ ಸರಿ ಮಾಡ್ತಿದೀಯೇನಮ್ಮಾ?" ಅಂದೆ.

"ಎಸ್ ಸರ್!" ಅಂತ ಕಿರುಚಿದಳು. ಆಮೇಲೆ "ಅಯ್ಯೋ ಸಾರಿ ಅಪ್ಪಾ, ಬಾಯಿಗೆ ಬಂದ್ಬಿಡ್ತು."

ಸಾರಿ ಯಾಕಮ್ಮ, ಇನ್ನೊಂದ್ಸಲ ಹೇಳು ಅಂತ ಕೇಳೋಣ ಅನ್ನಿಸ್ತು, ಅಷ್ಟರಲ್ಲಿ ಅವಳಮ್ಮ ನುಗ್ಗಿ "ಡಬ್ಬ ಬಂತಾ?" ಅಂದಳು.

"ಬಂತಮ್ಮ. ಇಡೀ ಪ್ಲಟೂನ್ ನಿನ್ನನ್ನ ನೆನೆಸ್ಕೊಳ್ತು. ಒಂದೊಂದು ಪುಶಪ್ಪಿಗೂ."

ನಾನು ಪ್ರಶ್ನೆಗಳ ಪಟ್ಟಿ ರೆಡಿ ಮಾಡಿಟ್ಟಿದ್ದೆ, ಕಾಲು ಬೊಬ್ಬೆ, ಬೂಟು, ನಿದ್ದೆ, ಎಲ್ಲಾ. ಪಟ್ಟಿ ಇದ್ದಿದ್ದು ನನ್ನ ಫೋನಲ್ಲಿ, ಫೋನ್ ಇದ್ದಿದ್ದು ಟೇಬಲ್ ಮೇಲೆ, ಓಡಿಹೋಗಿ ತರೋ ಅಷ್ಟರಲ್ಲಿ ಆ ಕಡೆ ಸೀಟಿ ಕೇಳಿಸ್ತು, "ಇಡ್ತೀನಿ ಅಪ್ಪಾ" ಅಂದಳು, ಕಟ್. ಅದೇ ಸೀಟಿ ಇರಬೇಕು.

ಪಟ್ಟಿ ಹಿಡ್ಕೊಂಡು ನಿಂತೇ ಇದ್ದೆ, ಕೈಯಲ್ಲಿದ್ದ ಫೋನೊಳಗಿಂದ ಸಣ್ಣ ದನಿ ಬಂತು.

"ಸರ್, ಕೇಳಿಸ್ತು ಸರ್. ದನಿ ಗಟ್ಟಿಯಾಗಿದೆ, ಮೇಡಂ ಆರಾಮಾಗಿದಾರೆ ಬಿಡಿ. ಈಗಲಾದ್ರೂ ಆ ಲೋನ್ ವಿಷಯ ಮಾತಾಡೋಣ್ವಾ ಸರ್?"