ಹನ್ನೊಂದು ತಿಂಗಳ ಕರಾರು, ಹತ್ತು ತಿಂಗಳ ಮುಂಗಡ

ಮೈಸೂರಿನ ಸರಸ್ವತಿಪುರಂನಲ್ಲಿ ಹುಟ್ಟಿ ಬೆಳೆದು, ಅಲ್ಲಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಚೇರಿಗೆ ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷದಲ್ಲಿ ತಲುಪಿ, ಸಂಜೆ ಹೊತ್ತು ಮುಳುಗುವ ಮೊದಲೇ ಮನೆ ಸೇರುವಂಥ ಹಿಂದುಳಿದ ಜೀವನ ನಡೆಸುತ್ತಿದ್ದ ನನ್ನ ತಂಗಿಯ ಮಗನಿಗೆ ಕೊನೆಗೂ ಏಳಿಗೆಯ ದಾರಿ ತೆರೆದಿದೆ. ಅವನಿಗೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿದೆ. ಅವನ ಹೆಂಡತಿಗೆ ಮಾನ್ಯತಾ ಟೆಕ್ ಪಾರ್ಕಿನಲ್ಲಿ. ಅದೂ ಹೆಬ್ಬಾಳದ ಹತ್ತಿರವೇ, ಆದರೆ ಬೆಂಗಳೂರಿನ ಹೆಬ್ಬಾಳ. ಒಬ್ಬರದು ನಗರದ ದಕ್ಷಿಣದ ತುದಿ, ಇನ್ನೊಬ್ಬರದು ಉತ್ತರದ ತುದಿ.

ಊರು ಬಿಡುವ ಮುನ್ನ ಲೆಕ್ಕ ಹಾಕಿದೆವು. ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡು ಬೇಕು. 2023ರಲ್ಲಿ ಶಿಕಾಗೊದಲ್ಲಿ ಮ್ಯಾರಥಾನ್ ವಿಶ್ವದಾಖಲೆ ಬರೆದ ಕೀನ್ಯಾದ ಓಟಗಾರ ಪ್ರತಿ 10 ಕಿ.ಮೀ.ಗೆ ತೆಗೆದುಕೊಂಡದ್ದು ಸರಾಸರಿ 29 ನಿಮಿಷಕ್ಕಿಂತ ಕಡಿಮೆ. ಕಂತು ಕಟ್ಟುವ ಕಾರಿಗಿಂತ ಕಾಲೇ ಚುರುಕು ಎಂದಾಯಿತು. ಆದರೂ, ಆತನ ಎದುರಿಗೆ ಒನ್ ವೇಯಲ್ಲಿ ನೀರಿನ ಟ್ಯಾಂಕರು ಬರಲಿಲ್ಲ ಎಂಬುದನ್ನು ಬೆಂಗಳೂರಿನ ಪರವಾಗಿ ಹೇಳಲೇಬೇಕು.

ಇಬ್ಬರಿಗೂ ಸಮಾನ ಅನ್ಯಾಯವಾಗಲೆಂದು ನಕ್ಷೆಯ ನಡುವೆ, ಲಾಲ್‌ಬಾಗಿನ ಆಸುಪಾಸಿನಲ್ಲಿ ಮನೆ ಹುಡುಕಿದೆವು. 'ಮೆಟ್ರೋಗೆ ಐದೇ ನಿಮಿಷ' ಎಂದಿದ್ದ ಬ್ರೋಕರ್, ನಾವು ಇಪ್ಪತ್ತೈದು ನಿಮಿಷ ತೆಗೆದುಕೊಂಡದ್ದನ್ನು ಕಂಡು, 'ಅದು ಭಾನುವಾರ ಬೆಳಿಗ್ಗೆ ಆರು ಗಂಟೆ ಲೆಕ್ಕ ಸರ್' ಎಂದು ಸಮಾಧಾನಪಡಿಸಿದ. ಬಾಡಿಗೆ ಮೂವತ್ತೈದು ಸಾವಿರ. ಕರಾರು ಹನ್ನೊಂದು ತಿಂಗಳಿಗೆ, ಮುಂಗಡ ಹತ್ತು ತಿಂಗಳದು. ಖಾಲಿ ಮಾಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವುದು ವಾಡಿಕೆಯಂತೆ. ಹಜಾರದ ಗೋಡೆಯಲ್ಲಿ ಹಿಂದಿನವರು ಕ್ಯಾಲೆಂಡರ್ ತೂಗುಹಾಕಿದ್ದ ಮೊಳೆಯೂ ಅದರ ಕೆಳಗೆ ಚೌಕಾಕಾರದ ಬಿಳಿ ಗುರುತೂ ಹಾಗೆಯೇ ಇದ್ದವು. ಅವರ ಪೇಂಟಿಂಗ್ ಹಣ ಯಾವ ಗೋಡೆಗೆ ಹೋಯಿತೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಇಷ್ಟು ಬಾಡಿಗೆಗೆ ತೆರಿಗೆಯಲ್ಲಾದರೂ ಗೌರವ ಸಿಕ್ಕೀತೆಂದರೆ, ಆದಾಯ ತೆರಿಗೆ ನಿಯಮಗಳು ದಶಕಗಳ ಕಾಲ ಮನೆ ಬಾಡಿಗೆ ಭತ್ಯೆಯ ವಿನಾಯಿತಿಗೆ ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈಗಳಿಗೆ ಸಂಬಳದ ಶೇ 50ರ ಮಿತಿಯನ್ನೂ ಬೆಂಗಳೂರಿಗೆ ಶೇ 40ರ ಮಿತಿಯನ್ನೂ ಇಟ್ಟುಕೊಂಡು ಬಂದವು. ಮೈಸೂರಿಗೂ ಅಷ್ಟೇ. ಎರಡೂ ಊರುಗಳನ್ನು ಸಮವಾಗಿ ಕಂಡ ಏಕೈಕ ಇಲಾಖೆ ಅದಿರಬೇಕು.

ಪ್ರಯಾಣಕ್ಕೆ ಪರಿಹಾರಗಳಿಲ್ಲವೆಂದಲ್ಲ. ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ಹಾಯ್ದು ಬೊಮ್ಮಸಂದ್ರಕ್ಕೆ ಮೆಟ್ರೋದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಬಂದಿದೆ. ಅದಕ್ಕೆ ಆರು ತಿಂಗಳು ಮೊದಲೇ, ಪ್ರಯಾಣಿಕರು ಸಜ್ಜಾಗಲೆಂಬ ಮುಂದಾಲೋಚನೆಯಿಂದಲೋ ಏನೋ, ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತ್ತು. ಸೊಸೆಗಂತೂ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಯೋಜನೆಯೇ ಇದೆ, ಈ ದಾಂಪತ್ಯವನ್ನು ನೋಡಿಯೇ ಗೆರೆ ಎಳೆದಂತೆ. ಕೇವಲ 2.5 ಕಿ.ಮೀ. ಉದ್ದದ ಈಜಿಪುರ ಮೇಲ್ಸೇತುವೆ 2017ರಲ್ಲಿ ಶುರುವಾಗಿ ವರ್ಷಗಟ್ಟಲೆ ಬರೀ ಕಂಬಗಳಾಗಿ ನಿಂತದ್ದನ್ನು ಅಳತೆಗೋಲಾಗಿ ಹಿಡಿದರೆ, ಸುರಂಗದ ಉದ್ಘಾಟನೆಗೆ ಇಬ್ಬರೂ ಹಿರಿಯ ನಾಗರಿಕರ ಸಾಲಿನಲ್ಲಿ ಕುಳಿತುಕೊಳ್ಳಬಹುದು.

ಮನೆ ನೋಡಿ ಅಂದೇ ಸಂಜೆ ಹೊರಟೆವು. ಲಾಲ್‌ಬಾಗಿನಿಂದ ಕೆಂಗೇರಿ ದಾಟಲು ಹಿಡಿದ ಹೊತ್ತಿನಲ್ಲಿ, ಅಲ್ಲಿಂದ ಮುಂದೆ ದಶಪಥ ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣವನ್ನೇ ಮುಟ್ಟಿದ್ದೆವು. ದಾರಿಯುದ್ದಕ್ಕೂ ಮೊಬೈಲಿನಲ್ಲಿ ಕೂಡಿ ಕಳೆಯುತ್ತಿದ್ದ ಹುಡುಗ, ಮುಂಗಡ ಕೊಟ್ಟೇಬಿಡುವುದಾಗಿಯೂ, ಹೊಸ ಸಂಬಳದಲ್ಲಿ ಉಳಿಸಿದರೆ ಹತ್ತು ವರ್ಷದಲ್ಲಿ ಸ್ವಂತ ಮನೆ ಕಟ್ಟಬಹುದಾಗಿಯೂ ತಿಳಿಸಿದ.

'ಎಲ್ಲಿ ಕಟ್ಟುತ್ತೀಯಪ್ಪ?' ಎಂದು ಕೇಳಿದೆ.

'ಸರಸ್ವತಿಪುರಂನಲ್ಲೇ, ಮಾವ' ಎಂದ.