ಓಟ್ ಹಾಕಿ, ಆದರೆ ನೋಡಿ ಹಾಕಿ

ಆಸ್ಕರ್ ಕೊಡುವ ಅಕಾಡೆಮಿ 2025ರ ಏಪ್ರಿಲ್‌ನಲ್ಲಿ ಒಂದು ಕ್ರಾಂತಿಕಾರಿ ನಿಯಮ ತಂದಿತು. ಕೊನೆಯ ಸುತ್ತಿನಲ್ಲಿ ಓಟ್ ಹಾಕಬೇಕಾದರೆ ಆ ವಿಭಾಗದ ಕಣದಲ್ಲಿರುವ ಸಿನಿಮಾಗಳನ್ನೆಲ್ಲ ನೋಡಿರಬೇಕಂತೆ. ನೋಡಿರಬೇಕು! ಮೊದಲ ಆಸ್ಕರ್ ಕೊಟ್ಟಿದ್ದು 1929ರಲ್ಲಿ. ಈ ಉಪಾಯ ಹೊಳೆಯಲು ಬರೀ 96 ವರ್ಷ ಹಿಡಿಯಿತು. ಪಾಪ, ಅವಸರದ ಜನ ಅಲ್ಲ.

ಅಂದರೆ ಕೆಲವು ವಿಭಾಗ ಬಿಟ್ಟರೆ ಇಷ್ಟು ಕಾಲ ಎಲ್ಲ ನಂಬಿಕೆಯ ಮೇಲೇ ನಡೆದಿತ್ತು. ಉಣ್ಣದೇ ತೇಗುವುದಕ್ಕೂ ಒಂದು ತಾಕತ್ತು ಬೇಕು ಬಿಡಿ. ಈಗ ಸದಸ್ಯರು ಅಕಾಡೆಮಿಯ ಆ್ಯಪ್‌ನಲ್ಲಿ ನೋಡಿದರೆ ಲೆಕ್ಕ ತಾನಾಗಿ ಬೀಳುತ್ತದೆ. ಬೇರೆಲ್ಲೋ ನೋಡಿದ್ದರೆ ಯಾವಾಗ, ಎಲ್ಲಿ ಎಂದು ಫಾರ್ಮ್ ತುಂಬಬೇಕು. ಆ್ಯಪ್ ಹಚ್ಚಿಟ್ಟು ನಿದ್ದೆ ಹೋದರೆ? ಅದಕ್ಕಿನ್ನೂ ಕಾಲಂ ಬಂದಿಲ್ಲ.

ಎಣಿಕೆಯ ಕಥೆ ಇನ್ನೂ ಚೆಂದ. ಅತ್ಯುತ್ತಮ ಚಿತ್ರ ಬಿಟ್ಟು ಉಳಿದ ವಿಭಾಗಗಳಲ್ಲಿ ಯಾರಿಗೆ ಜಾಸ್ತಿ ಓಟ್ ಬಿತ್ತೋ ಅವರು ಗೆದ್ದರು. ಕಣದಲ್ಲಿ ಐದು ಜನ ಇದ್ದರೆ ಶೇ 21 ಸಿಕ್ಕರೂ ಸಾಕಾಗಬಹುದು. ಉಳಿದ 79 ಮಂದಿ ಬೇಡ ಅಂದವರೇ ಜಗತ್ತಿನ ಶ್ರೇಷ್ಠ ನಟ. ಅತ್ಯುತ್ತಮ ಚಿತ್ರಕ್ಕೆ ಮಾತ್ರ ಬೇರೆ ಲೆಕ್ಕ. ಅಲ್ಲಿ ಹತ್ತನ್ನೂ ಇಷ್ಟದ ಕ್ರಮದಲ್ಲಿ ಬರೆಯಬೇಕು. ಅರ್ಧಕ್ಕಿಂತ ಜಾಸ್ತಿ ಜನ ಒಂದನ್ನೇ ಮೊದಲಿಗಿಟ್ಟರೆ ಸರಿ. ಇಲ್ಲದಿದ್ದರೆ ಎಲ್ಲಕ್ಕಿಂತ ಕಡಿಮೆ ಓಟ್ ಬಿದ್ದದ್ದನ್ನು ತೆಗೆದು, ಅದರ ಓಟನ್ನು ಮುಂದಿನ ಆಯ್ಕೆಗೆ ದಾಟಿಸುತ್ತಾ ಹೋಗುತ್ತಾರೆ. ಹಾಗಾಗಿ ಯಾರೋ ಕೆಲವರು ಹುಚ್ಚು ಹಿಡಿಸಿಕೊಂಡ ಸಿನಿಮಾಕ್ಕಿಂತ, ಯಾರಿಗೂ ಸಿಟ್ಟು ಬಾರದ ಸಿನಿಮಾಕ್ಕೆ ಅದೃಷ್ಟ ಜಾಸ್ತಿ. 'ಪರವಾಗಿಲ್ಲ, ಇರಲಿ' ಎನ್ನುವ ಭಾವಕ್ಕೆ ಚಿನ್ನದ ಗೊಂಬೆ.

ಗೊಂಬೆ ಅಂದಾಗ ನೆನಪಾಯಿತು, 'ಸೈಕೋ' ತೆಗೆದ ಹಿಚ್‌ಕಾಕ್‌ಗೆ ನಿರ್ದೇಶಕನಾಗಿ ಅದು ಸಿಗಲೇ ಇಲ್ಲ. ಐದು ಸಲ ನಾಮಿನೇಷನ್, ಐದು ಸಲವೂ ಚಪ್ಪಾಳೆ ತಟ್ಟುವ ಕೆಲಸ. 1968ರಲ್ಲಿ ಒಂದು ಗೌರವ ಪ್ರಶಸ್ತಿ ಕೊಟ್ಟು ಸಮಾಧಾನ ಮಾಡಿದರು. ಆತ ಥ್ಯಾಂಕ್ಸ್ ಅಂದು ಹೆಚ್ಚುಕಮ್ಮಿ ಅಷ್ಟಕ್ಕೇ ಇಳಿದು ಹೋದ. ಆಸ್ಕರ್ ಭಾಷಣಗಳಲ್ಲಿ ನನಗೆ ಇಷ್ಟವಾದದ್ದು ಅದೊಂದೇ.

ಇನ್ನು 2017ರ ಅತ್ಯುತ್ತಮ ಚಿತ್ರದ ಕಥೆ ನಿಮಗೆ ಗೊತ್ತೇ ಇದೆ. ಎಣಿಕೆ ಸರಿ, ಗುಟ್ಟು ಭದ್ರ, ಕೈಗೆ ಕೊಟ್ಟ ಲಕೋಟೆ ಮಾತ್ರ ಬೇರೆಯದು. 'ಲಾ ಲಾ ಲ್ಯಾಂಡ್' ತಂಡ ವೇದಿಕೆ ಹತ್ತಿ ಭಾಷಣ ಮಾಡುತ್ತಿರುವಾಗ, ಗೆದ್ದದ್ದು 'ಮೂನ್‌ಲೈಟ್' ಎಂದು ಗೊತ್ತಾಯಿತು. ಅಷ್ಟಾದರೂ ಯಾರಿಗೆ ಎಷ್ಟು ಓಟ್ ಬಿತ್ತು ಎಂದು ಇವತ್ತಿಗೂ ಹೇಳುವುದಿಲ್ಲ. ಪಂಚಾಯಿತಿ ಚುನಾವಣೆಯಲ್ಲೂ ಹೇಳುತ್ತಾರೆ ಕಣ್ರೀ.

ನಗು ಬರುವುದು ಇಲ್ಲಿಯವರೆಗೆ ಮಾತ್ರ. ಒಬ್ಬ ಎಡಿಟರ್ ಕತ್ತಲೆ ಕೋಣೆಯಲ್ಲಿ ಕೂತು ತಿಂಗಳುಗಟ್ಟಲೆ ಕಣ್ಣು ಸುಟ್ಟುಕೊಂಡಿರುತ್ತಾನೆ. ಅವನ ಕೆಲಸವನ್ನು ಅಳೆಯುವವನು ಎರಡು ಗಂಟೆ ಸಿನಿಮಾ ನೋಡಲಿ ಎನ್ನುವುದಕ್ಕೂ ನಿಯಮ ಬರೆಯಬೇಕಾಯಿತಲ್ಲ! ಇದು ಬೇಜವಾಬ್ದಾರಿ. ಬೇರೆ ಒಳ್ಳೆಯ ಪದ ಹುಡುಕುವ ಮನಸ್ಸಿಲ್ಲ.

ನಾನೂ ಹೋದ ವರ್ಷದ ಹತ್ತರಲ್ಲಿ ನೋಡಿದ್ದು ಮೂರೇ. ಫಲಿತಾಂಶ ಬಂದ ಬೆಳಿಗ್ಗೆ ಮಾತ್ರ 'ಅನ್ಯಾಯ' ಎಂದು ಎಲ್ಲರಿಗಿಂತ ಮೊದಲು ಕೂಗಿದ್ದೆ. ನನಗೆ ಯಾರೂ ಫಾರ್ಮ್ ಕೊಡಲಿಲ್ಲ.